ಮೈ ಮುಟ್ಟುವ ಆಟಗಳು

ಎದುರಿನವನ ಬೆವರು ನನ್ನ ಮೈಗೆ ಎಷ್ಟು ಹತ್ತುತ್ತದೆ ಎಂಬುದನ್ನು ನೋಡಿಕೊಂಡೇ ಆಟ ಆರಿಸಿಕೊಳ್ಳುವವನು ನಾನು. ಈ ಲೆಕ್ಕದಲ್ಲಿ ಚದುರಂಗ ಬಲು ಉತ್ತಮ. ಕೊನೆಗೊಮ್ಮೆ ಕೈ ಕುಲುಕಿದರಾಯಿತು. ಕೇರಂನಲ್ಲಿ ಪಕ್ಕದವರ ಮೊಣಕೈ ತಗಲುವ ಭಯವಿದೆ. ವಾಲಿಬಾಲ್‌ನಲ್ಲಿ ನಡುವೆ ನೆಟ್ ಇದ್ದರೂ ನಮ್ಮ ಕಡೆಯವರೇ ಬಂದು ಢಿಕ್ಕಿ ಹೊಡೆಯುತ್ತಾರೆ. ಕಬಡ್ಡಿಯ ಮಾತು ಬೇಡವೇ ಬೇಡ; ಏಳು ಜನ ಸೇರಿ ಒಬ್ಬನ ಮೇಲೆ ಬೀಳುವುದಕ್ಕೇ ಅಲ್ಲಿ ಆಟ ಎನ್ನುತ್ತಾರೆ. ಹಿರಿಯೂರಿನ ಸರ್ಕಾರಿ ಕಚೇರಿಯೊಂದರ ಗುಮಾಸ್ತನಾದ ನಾನು ಇಪ್ಪತ್ತು ವರ್ಷಗಳಿಂದ ಶಟ್ಲನ್ನೇ ನಂಬಿಕೊಂಡಿದ್ದೇನೆ.

ಮನುಷ್ಯರ ವಿಷಯದಲ್ಲೂ ನಾನು ಹೀಗೇ ದೂರ ಕಾಯ್ದುಕೊಳ್ಳುವವನು. ನನ್ನ ಅಣ್ಣನೊಡನೆ ಮಾತು ಬಿಟ್ಟು ನಾಲ್ಕು ವರ್ಷವಾಗಿತ್ತು. ಐಮಂಗಲದ ಹತ್ತಿರದ ನಮ್ಮೂರಿನಲ್ಲಿ ಅಪ್ಪ ಕುರಿ ಸಾಕಿಕೊಂಡಿದ್ದ. ಅವನು ತೀರಿಕೊಂಡ ಎರಡೇ ತಿಂಗಳಿಗೆ, ಹೊಳಲ್ಕೆರೆ ತಾಲ್ಲೂಕಿನ ಬಿ.ದುರ್ಗದ ಕಡೆ ಮೇಷ್ಟರಾಗಿದ್ದ ಅಣ್ಣ ನನ್ನನ್ನು ಒಂದು ಮಾತೂ ಕೇಳದೆ ಇಡೀ ಮಂದೆಯನ್ನು ಮಾರಿಬಿಟ್ಟ. ಕೇಳಲಿಲ್ಲವೆಂಬುದೊಂದೇ ನನ್ನ ತಕರಾರು. ಆಮೇಲೆ ನೆಂಟರ ಮದುವೆಗಳಲ್ಲಿ ಅವನು ಪಂಕ್ತಿಯ ಈ ತುದಿಗೆ ಕೂತರೆ ನಾನು ಆ ತುದಿಗೆ ಹೋಗುತ್ತಿದ್ದೆ.

ಈ ವರ್ಷ ಚಿತ್ರದುರ್ಗದಲ್ಲಿ ನೌಕರರ ಕ್ರೀಡಾಕೂಟ ನಡೆಯಿತು. ಶಟ್ಲಿನ ಮೊದಲ ಪಂದ್ಯದಲ್ಲೇ ಸೋತು ಬ್ಯಾಟು ಚೀಲಕ್ಕೆ ಹಾಕುತ್ತಿದ್ದಾಗ ನಮ್ಮ ಕಚೇರಿಯ ಡ್ರೈವರ್ ರಂಗಣ್ಣ ಓಡಿ ಬಂದ. ಕಬಡ್ಡಿ ತಂಡಕ್ಕೆ ಅವನೇ ನಾಯಕ.

“ಸಾರ್, ನಮ್ಮೋರೊಬ್ರಿಗೆ ಕಾಲು ಉಳುಕೈತೆ. ಬಂದು ಸುಮ್ನೆ ಮೂಲೇಲಿ ನಿಂತ್ಕಳ್ರಿ, ಸಾಕು.”

“ಮೈ ಮುಟ್ಬೇಕಾಗ್ತೈತಲ್ಲಪ್ಪ?”

“ನೀವೆಲ್ಲಿ ಮುಟ್ತೀರ ಸಾರ್? ಅವ್ರೇ ನಿಮ್ಮನ್ನ ಮುಟ್ಟಿ ಹೋಗ್ತಾರೆ.”

ಎದುರಿಗೆ ಹೊಳಲ್ಕೆರೆ ತಂಡ. ಅವರ ಕಡೆಯಿಂದ ಮೂರನೆಯವನಾಗಿ ಗೆರೆ ದಾಟಿ ಬಂದವನು ನನ್ನ ಅಣ್ಣ. ಐವತ್ತು ದಾಟಿದರೂ ಪ್ಯಾಂಟು ಮಡಚಿಕೊಂಡು “ಕಬಡ್ಡಿ ಕಬಡ್ಡಿ” ಎನ್ನುತ್ತಾ ಬಂದ. ನನ್ನನ್ನು ಕಂಡು ಒಂದು ಗಳಿಗೆ ಅವನ ದನಿ ಇಳಿಯಿತು. ಮುಟ್ಟುವುದೋ ಬೇಡವೋ ಎಂಬಂತೆ ಕೈ ಚಾಚಿದ, ಭುಜಕ್ಕೆ ಬೆರಳು ಸೋಕಿಸಿ ತಿರುಗಿದ. ನನಗೇನಾಯಿತೋ ತಿಳಿಯದು. ಮಂದೆಯಿಂದ ತಪ್ಪಿಸಿಕೊಳ್ಳುವ ಟಗರನ್ನು ಹಿಡಿಯಲು ಅಪ್ಪ ನಮಗಿಬ್ಬರಿಗೂ ಕಲಿಸಿದ್ದ ಹಾಗೆ, ಬಗ್ಗಿ ಅವನ ಹಿಂಗಾಲನ್ನು ಹಿಡಿದೆ. ಅಣ್ಣ ದೊಪ್ಪನೆ ಬಿದ್ದ. ಗೆರೆ ಅವನ ಕೈಗೆ ಗೇಣುದ್ದ ದೂರದಲ್ಲಿತ್ತು. ಹತ್ತು ಸಲ ಕಬಡ್ಡಿ ಎನ್ನುವಷ್ಟು ಉಸಿರೂ ಅವನಲ್ಲಿತ್ತು.

“ಲೇ ತಮ್ಮ, ಮೊಣಕಾಲು ಕಣಲೇ!” ಎಂದ.

ರೆಫರಿ ಸೀಟಿ ಊದಿದರು. ಕಬಡ್ಡಿ ಬಿಟ್ಟು ಬೇರೆ ಮಾತಾಡಿದ್ದಕ್ಕೆ ಅಣ್ಣ ಔಟು. ನನ್ನೊಡನೆ ಮಾತಾಡಲು ಅವನೊಂದು ಪಾಯಿಂಟ್ ಕಳೆದುಕೊಂಡಿದ್ದ. ನಾನು ಮಾತ್ರ ಕಾಲು ಬಿಡಲಿಲ್ಲ. “ಸಾಕು, ಬಿಡ್ರಿ ಸಾರ್” ಎಂದು ರಂಗಣ್ಣನೇ ಬಂದು ಬಿಡಿಸಬೇಕಾಯಿತು.

ನಾನೂ ಆಟ ಬಿಟ್ಟು ಅವನ ಹಿಂದೆಯೇ ಹೋದೆ. ಬೇವಿನ ಮರದಡಿ ಕೂರಿಸಿ ಮೊಣಕಾಲು ನೀವುತ್ತಾ ಕುಳಿತೆ. ನಾಲ್ಕು ವರ್ಷದಿಂದ ಕೂಡಿಟ್ಟಿದ್ದ ಬೈಗುಳಗಳಲ್ಲಿ ಒಂದೂ ಬಾಯಿಗೆ ಬರಲಿಲ್ಲ. ಅವನ ಕಾಲು ಅಪ್ಪನ ಕಾಲಿನಷ್ಟೇ ಒಣಗಿತ್ತು.

“ಕುರಿ ಮಾರೋವಾಗ ನಿನ್ನ ಕೇಳ್ಬೇಕಾಗಿತ್ತು ಕಣಲೇ,” ಎಂದ ಅಣ್ಣ. ಮಡಚಿದ್ದ ಪ್ಯಾಂಟು ಇಳಿಸಿಕೊಳ್ಳುತ್ತಾ, “ಕೇಳಿದ್ರೆ ನೀನು ಮಾರೋದು ಬೇಡ ಅಂತಿದ್ದೆ. ಅವನ್ನ ಮೇಯ್ಸಾಕೆ ನೀನು ಬರ್ತಿದ್ದೇನು?” ಎಂದ.

ಕಚೇರಿಯ ಫ್ಯಾನಿನ ಕೆಳಗೆ ಕೂತು ಸಿಟ್ಟು ಮಾಡಿಕೊಂಡವನಿಗೆ ಈ ಪ್ರಶ್ನೆ ಒಮ್ಮೆಯೂ ಹೊಳೆದಿರಲಿಲ್ಲ. “ಇಲ್ಲಣ್ಣ” ಎಂದೆ. ಅವನು ನನ್ನ ಹೆಗಲ ಮೇಲೆ ಭಾರ ಹಾಕಿ ಎದ್ದ. ಹಾಗೆಯೇ ಇಬ್ಬರೂ ಟೀ ಅಂಗಡಿಯತನಕ ನಡೆದೆವು. ಅವನ ಬೆವರೆಲ್ಲ ನನ್ನ ಅಂಗಿಗೆ ಮೆತ್ತಿಕೊಂಡಿತು.

ಮನೆಗೆ ಬಂದು ಹೆಂಡತಿಯ ಮುಂದೆ, ಮೊದಲು ಮಾತಾಡಿಸಿದವನು ನಾನೇ ಎಂದು ದೊಡ್ಡಸ್ತಿಕೆ ಕೊಚ್ಚಿಕೊಂಡೆ. ಅವಳು ಅತ್ತಿಗೆಗೆ ಫೋನು ಮಾಡಿ ವಿಚಾರಿಸಿಕೊಂಡು ಬಂದಳು.

“ಮೊದ್ಲು ಮಾತಾಡಿದ್ದು ಭಾವನೋರಂತಲ್ರಿ?”

“ಆದ್ರೂ ಮೊದ್ಲು ಕಾಲು ಹಿಡ್ದೋನು ನಾನಲ್ವಾ?”

“ಬೀಳ್ಸಾಕೆ ಹಿಡ್ದಿದ್ದಲ್ವೇನ್ರಿ?” ಎಂದವಳೇ ಒಳಗೆ ಹೋದಳು.