ಗೀರಿಗೆ ಕೊಟ್ಟ ಇಂಗ್ಲಿಷ್ ಒಗ್ಗರಣೆ

ಇಂಗ್ಲಿಷಿನ ನಾಲ್ಕು ಜೋರು ಶಬ್ದಗಳಿಗೆ ನಾನು ತೆತ್ತದ್ದು ಹೊಚ್ಚ ಹೊಸ ಹೊಲಿಗೆ ಯಂತ್ರ! ಕಾರಣ? ನನ್ನ ಚೌಕಾಸಿ ವಿದ್ಯೆಯ ಮೇಲೆ ನನಗಿದ್ದ ಅಪಾರ ಭಕ್ತಿ.

ನಿಜಾಮರ ಕಾಲ. ಹುಮನಾಬಾದಿನಲ್ಲಿ ನನ್ನದು ಬಟ್ಟೆ ಅಂಗಡಿ. ನಮ್ಮ ಬಜಾರದ ಶಿಷ್ಟಾಚಾರವೇ ಬೇರೆ. ಗಿರಾಕಿ ಮಾಲನ್ನು ಬಾಯಿತುಂಬ ಹಳಿಯಬೇಕು; ಅಂಗಡಿಯವ ಅದರಲ್ಲಿ ಅರ್ಧ ಕಳೆದು ಕೇಳಿಸಿಕೊಳ್ಳಬೇಕು; ಚಹಾ ಬಂದ ಮೇಲೆ ದರ ಇಳಿಯಬೇಕು.

ಹೆಂಡತಿ ನೀಲಮ್ಮ ಕಾದು ಕುಳಿತಿದ್ದ ಯಂತ್ರ ಸೊಲ್ಲಾಪುರದ ಕಂಪನಿಯಿಂದ ಬಂತು. ಬಸವಕಲ್ಯಾಣದಲ್ಲಿ ಅವಳ ತಂಗಿಯ ಮದುವೆ. ಮದುಮಗಳ ಕುಪ್ಪಸ ತಾನೇ ಹೊಲಿಯುವುದಾಗಿ ತವರಿಗೆಲ್ಲ ಸಾರಿಬಿಟ್ಟಿದ್ದಳು. ಯಂತ್ರ ಚಂದ ಓಡುತ್ತಿತ್ತು. ಆದರೆ ಬಣ್ಣದ ಮೇಲೆ ಜೋಳದ ಕಾಳಿನಷ್ಟು ಗೀರು! ಚೌಕಾಸಿಗಾರನಿಗೆ ಇನ್ನೇನು ಬೇಕು?

ಕಂಪನಿಯ ಸಾಹೇಬ ಬಿಳಿಯ. ಕೊಟ್ಟ ರೊಕ್ಕದಲ್ಲಿ ಒಂದಿಷ್ಟು ವಾಪಸು ಬರಲೆಂದು ಇಂಗ್ಲಿಷಿನಲ್ಲೇ ಬರೆದೆ: ಯಂತ್ರ ‘ವೆರಿ ಬ್ಯಾಡ್’. ಪಕ್ಕದಂಗಡಿಯ ರಸೂಲ್ ಮಿಯಾ ಇಣುಕಿದ.

“ಏನ್ ಬರದೀರಿ, ಶೇಟ್ಜಿ?”

“ಬಾಳ ಖರಾಬ್ ಅದ ಅಂತ.”

“ಇಷ್ಟೇನಾ? ಅರ್ಧಾ ಕಳದ್ರ ಏನ್ ಉಳಿತದ್ರಿ? ಜರಾ ಜೋರ್ ಹಾಕ್ರಿ!”

ಹಾಕಿದೆ! ‘ವೆರಿ ವೆರಿ ಬ್ಯಾಡ್’ ಆಯಿತು. ಮುಂದೆ ‘ಎಕ್ಸ್‌ಟ್ರೀಮ್ಲಿ ಡೇಂಜರಸ್’. ಕೊನೆಗೆ ಒಗ್ಗರಣೆಯಾಗಿ ‘ಅಟರ್ಲಿ ಯೂಸ್‌ಲೆಸ್’!

ಮುಂದಿನ ಸಂತೆಯ ದಿನ ಕಂಪನಿಯ ಮನುಷ್ಯ ಹಮಾಲನ ಸಮೇತ ಬಂದಿಳಿದ. ನಾನು ಚಹಾ ತರಿಸಿದೆ. ದರ ಇಳಿಯುವ ಹೊತ್ತು! ಅವನು ಯಂತ್ರವನ್ನೇ ಎತ್ತಿಸಿದ.

“ಅಯ್ಯ, ಹೊಲ್ಯಾಕತ್ತೇನಿ, ಕಾಣಂಗಿಲ್ಲೇನ್ರಿ?” ಎಂದು ನೀಲಮ್ಮ ಚೀರಿದಳು. ಅರ್ಧ ಕುಪ್ಪಸ ಸೂಜಿಯ ಕೆಳಗೇ ಇತ್ತು.

“ಮುಟ್ಟಬ್ಯಾಡ್ರಿ ಅವ್ವಾರ! ಜೀವಕ್ಕ ಅಪಾಯ ಅಂತ ನಿಮ್ಮ ಯಜಮಾನ್ರು ಬರದಾರ. ರೊಕ್ಕಾ ಪೂರಾ ವಾಪಸ್.”

“ಬರೇ ಗೀರ್ರಿ ಅದು! ನಾವು ಹಂಗೇ ಮಾತಾಡೋದು. ಅರ್ಧಾ ಕಳದು ತಿಳ್ಕೋಬೇಕ್ರಿ!” ಎಂದೆ.

“ನಮ್ಮ ಸಾಹೇಬ್ರಿಗೆ ಕಳ್ಯಾಕ ಬರಂಗಿಲ್ರಿ. ಬರದಷ್ಟೂ ನಂಬ್ತಾರ.”

“ಹಂಗಾರ ಬ್ಯಾರೆ ಯಂತ್ರ ಕೊಡ್ರಿ!”

“ಏನೂ ಉಪಯೋಗಿಲ್ಲ ಅಂತ ಬರದವರಿಗೆ ಕೊಡಬ್ಯಾಡಂತ ಹುಕುಂ ಆಗ್ಯಾದ್ರಿ.” ಚಹಾ ಮಾತ್ರ ಪೂರ್ತಿ ಕುಡಿದು ಹೋದ.

ಕುಪ್ಪಸದ ಉಳಿದರ್ಧವನ್ನು ಕೈಯಲ್ಲಿ ಹೊಲಿಯುವ ಶಿಕ್ಷೆ ನನಗಾಯಿತು. ಹಾರ ಹಾಕುವಾಗ ನಾನು ಹೊಲಿದ ತೋಳು ಬಿಗಿದು ಮದುಮಗಳ ಬಲಗೈ ಮೇಲೇಳಲೇ ಇಲ್ಲ!

ಆದ್ದರಿಂದ ಓದುಗರೇ, ಇಂಗ್ಲಿಷಿನಲ್ಲಿ ಗೀರನ್ನು ಗೀರೆಂದೇ ಬರೆಯಿರಿ. ತೀರ ಬೇಕಾದರೆ ಒಂದು ‘ವೆರಿ’ ಸಾಕು. ಮಿಕ್ಕ ಜೋರನ್ನು ಮನೆಯ ಅಡುಗೆ ಹೊಗಳಲು ಬಳಸಿರಿ. ನಾನೂ ಬಳಸಿದೆ:

“ನೀಲಾ, ಸಾರು ಬಾಳ ಬಾಳ ಚಂದ ಆಗ್ಯಾದ!”

“ಅರ್ಧಾ ಕಳದ್ರ ಎಷ್ಟ್ ಉಳಿತದ್ರಿ?” ಎಂದವಳೇ ಸಾರಿನ ಗಡಿಗೆ ಎತ್ತಿಕೊಂಡು ಒಳಗೆ ಹೋದಳು. ನಾನು ಒಣ ರೊಟ್ಟಿ ಕಡಿದೆ.

ಅಡುಗೆಯನ್ನೂ ಊಟ ಮುಗಿದ ಮೇಲೆಯೇ ಹೊಗಳಿರಿ.