ಭಾವ ಕೊಟ್ಟ ರ್‍ಯಾಂಕ್

ನಮ್ಮ ಭಾವನ ಪ್ರಕಾರ ನಾನೊಬ್ಬ ರ್‍ಯಾಂಕೇ ಇಲ್ಲದ ಮನುಷ್ಯ. ಬೈಗುಳ ಅಂದುಕೊಳ್ಳಬೇಡಿ, ಅದು ಮೌಲ್ಯಮಾಪನ! ಹೆಂಡತಿಯ ತಮ್ಮನನ್ನು ಕೂರಿಸಿಕೊಂಡು "ಸಂಶೋಧನೆ ಸೊನ್ನೆ" ಎಂದು ಅಂಕ ಹಾಕುವವರು ಸುಳ್ಯ ತಾಲ್ಲೂಕಿನಲ್ಲಿ ಇನ್ನೊಬ್ಬರು ಇರಲಾರರು.

ಭಾವ ಕಾಲೇಜಿನಲ್ಲಿ ಕನ್ನಡ ಉಪನ್ಯಾಸಕರು. ರಾಷ್ಟ್ರಮಟ್ಟದ ರ್‍ಯಾಂಕಿಂಗಿಗೆ ಅರ್ಜಿ ಹಾಕುವ ಸಮಿತಿಗೆ ಬೇರೆ ಯಾರೂ ಸಿಗದೆ ಪ್ರಾಂಶುಪಾಲರು ಇವರನ್ನು ಹಾಕಿದರು. ಕಾಲೇಜಿಗೆ ರ್‍ಯಾಂಕ್ ಬರಲಿಲ್ಲ, ಭಾವನಿಗೆ ಹುಚ್ಚು ಬಂತು. ಬೋಧನೆ, ಸಂಶೋಧನೆ, ಕಲಿತು ಹೋದವರ ಗತಿ, ಎಲ್ಲರನ್ನೂ ಒಳಗೊಳ್ಳುವ ಗುಣ, ಕೊನೆಗೆ ಪರ್ಸೆಪ್ಷನ್. ರ್‍ಯಾಂಕಿಂಗಿನ ಈ ಐದು ಅಳತೆಗಳಲ್ಲಿ ಜಗತ್ತೇ ಅಡಗಿದೆ ಎಂದು ಅವರಿಗೆ ಖಾತ್ರಿಯಾಯಿತು. ಪರ್ಸೆಪ್ಷನ್ ಅಂದರೇನು ಎಂದು ಅಕ್ಕ ಒಮ್ಮೆ ಕೇಳಿ ಸಿಕ್ಕಿಬಿದ್ದಳು. "ನೋಡುವವರ ಕಣ್ಣಿಗೆ ಹೇಗೆ ಕಾಣ್ತದೆ ಅಂತ, ಮಾರಾಯ್ತಿ" ಎಂದವರು, ಅವಳ ಸಾರಿಗೆ ಅದರಲ್ಲಿ ಎಷ್ಟು ಅಂಕ ಎಂಬುದನ್ನೂ ಹೇಳಿಬಿಟ್ಟರು. ಮರುದಿನ ಊಟಕ್ಕೆ ಸಾರು ಇರಲಿಲ್ಲ.

ಸವಣೂರಿನ ಒಂದು ಮದುವೆಯಲ್ಲಿ ಎಲ್ಲರೂ ಎಲೆಯ ಮೇಲೆ ಬಿದ್ದದ್ದನ್ನು ನೋಡುತ್ತಿದ್ದರೆ, ಭಾವ ಬಡಿಸುವವರನ್ನು ಎಣಿಸುತ್ತಿದ್ದರು. ಶಿಕ್ಷಕ-ವಿದ್ಯಾರ್ಥಿ ಅನುಪಾತವಂತೆ! ಪಕ್ಕದ ಹೆಂಗಸೊಬ್ಬರು ತಾವು ಹಾಕಿದ ಉಪ್ಪಿನಕಾಯಿಯನ್ನು ತಾವೇ ಹೊಗಳಿದಾಗ, ಸ್ವಂತ ಉಲ್ಲೇಖಕ್ಕೆ ಬೆಲೆಯಿಲ್ಲ, ಬೇರೆಯವರು ಉಲ್ಲೇಖಿಸಬೇಕು ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಕಡಬದ ರಬ್ಬರ್ ಕೃಷಿಕ ಥಾಮಸಣ್ಣನನ್ನು ಕಂಡದ್ದೇ, ಹೊರರಾಜ್ಯದವರೂ ಇದ್ದಾರೆಂದು ಮದುವೆಗೆ ಅಂಕ ಏರಿಸಿದರು. ಥಾಮಸಣ್ಣ ಪಾಪ, ಪಾಯಸ ಕುಡಿಯುವುದನ್ನು ಬಿಟ್ಟು, "ಕೇರಳದಿಂದ ಬಂದದ್ದು ನನ್ನ ಅಜ್ಜ, ಮಾರಾಯ್ರೆ. ನಾನು ಕಡಬದವನೇ" ಎಂದ.

ಹೀಗಿರುವಾಗ ಭಾವನ ಮಗಳು ಪವಿತ್ರಳಿಗೆ ಘಟ್ಟದ ಮೇಲಿನ ಒಂದು ವಿಶ್ವವಿದ್ಯಾನಿಲಯದಲ್ಲಿ ರಸಾಯನಶಾಸ್ತ್ರ ಎಂ.ಎಸ್ಸಿ.ಗೆ ಸೀಟು ಸಿಕ್ಕಿತು. ಭಾರೀ ಒಳ್ಳೆಯ ರ್‍ಯಾಂಕಿನದು. ಪವಿತ್ರ ಓಡಾಡುವುದು ಗಾಲಿಕುರ್ಚಿಯಲ್ಲಿ. ಅವಳಿಗೆ ಅಲ್ಲಿಯೇ ಓದಬೇಕು, ಬೇರೆ ಕಡೆ ಅರ್ಜಿಯನ್ನೇ ಹಾಕಿರಲಿಲ್ಲ. ಜಗತ್ತಿಗೆಲ್ಲ ರ್‍ಯಾಂಕ್ ಹೇಳುವ ಭಾವ ಈಗ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. ಗಾಲಿಕುರ್ಚಿ ಹತ್ತುವ ರ್‍ಯಾಂಪ್ ಉಂಟೆಂದು ಅವರ ವೆಬ್‌ಸೈಟಿನಲ್ಲಿಯೇ ಬರೆದಿದೆಯಲ್ಲ ಎಂದೆ.

"ನಮ್ಮ ಕಾಲೇಜಿಗೂ ಉಂಟು ಅಂತ ಬರೆದದ್ದು ನಾನೇ" ಎಂದರು ಭಾವ. "ಉಂಟು ಅಂದ್ರೆ ಉಂಟಾ? ಕಣ್ಣಲ್ಲಿ ನೋಡ್ಲಿಕ್ಕುಂಟು."

ಸರಿ, ಪವಿತ್ರಳನ್ನೂ ಕರೆದುಕೊಂಡು ನೋಡಲಿಕ್ಕೆ ಹೊರಟೆವು. ದಾಖಲಾತಿಗೆ ಅದೇ ಕೊನೆಯ ದಿನ. ಕಲ್ಲುಗುಂಡಿಯಲ್ಲಿ ಚಹಾಕ್ಕೆ ಕಾರು ನಿಲ್ಲಿಸಿದಾಗ ಭಾವ ಹೋಟೆಲಿಗೆ ಅಂಕವನ್ನೇ ಕೊಡಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ರ್‍ಯಾಂಪ್ ಇತ್ತು. ಅದರ ಮೇಲೆ ಬುಡದಿಂದ ತುದಿಯವರೆಗೆ ಹೂವಿನ ಕುಂಡಗಳೂ ಇದ್ದವು! ತಪಾಸಣೆಗೆ ಯಾರೋ ಬರುವವರಿದ್ದರಂತೆ, ಚಂದ ಕಾಣಲಿ ಎಂದು ಇಟ್ಟದ್ದಂತೆ. ಅಂದರೆ ಪರ್ಸೆಪ್ಷನ್ನಿಗೆ ಇಟ್ಟದ್ದು. ಭಾವನ ಮುಖ ಕಪ್ಪಿಟ್ಟಿತು. ಮನೆಗೆ ಹೋಗುವ ಎಂದು ಕಾರಿನ ಕಡೆ ತಿರುಗಿದರು.

ಪವಿತ್ರ ನಕ್ಕಳು. "ಇಷ್ಟು ಕುಂಡಗಳಿಗೆ ಸೀಟು ಕೊಟ್ಟಿದ್ದಾರೆ ಅಪ್ಪ, ನನಗೊಂದು ಕೊಡ್ಲಿಕ್ಕೆ ಎಂತ? ನಾನು ಇಲ್ಲಿಯೇ ಓದುದು. ನೀವು ಕುಂಡ ತೆಗೀರಿ."

ಭಾವ ಕಾರಿನ ಕಡೆಯಿಂದ ತಿರುಗಿ ಬಂದರು. ಆಮೇಲೆ ಪಂಚೆ ಎತ್ತಿ ಕಟ್ಟಿ ಕುಂಡ ಹೊರತೊಡಗಿದರು. ನಾನೂ ಕೈ ಹಾಕಿದೆ. ಗದರಿಸಲು ಬಂದ ಕಾವಲುಗಾರ ಪವಿತ್ರಳನ್ನು ಕಂಡು ತಾನೂ ಒಂದನ್ನು ಎತ್ತಿದ.

ದಾರಿ ಬಿಡುವಾದದ್ದೇ ಅವಳು ಯಾರ ಸಹಾಯವನ್ನೂ ಕೇಳದೆ ಚಕ್ರ ತಿರುಗಿಸುತ್ತ ಮೇಲೆ ಹೊರಟಳು. ಭಾವ ಕುರ್ಚಿಯನ್ನು ಮುಟ್ಟದೆ, ಎರಡೂ ಕೈಗಳನ್ನು ಮುಂದೆ ಚಾಚಿಕೊಂಡು ನಾಲ್ಕು ಹೆಜ್ಜೆ ಹಿಂದೆಯೇ ಹೋದವರು ಅಲ್ಲಿಗೇ ನಿಂತುಬಿಟ್ಟರು. ಪವಿತ್ರ ಹಿಂದೆ ನೋಡಲಿಲ್ಲ, ಬಾಗಿಲು ದಾಟಿ ಒಳಗೆ ಹೋದಳು.

ಪರ್ಸೆಪ್ಷನ್ನಿಗೆ ಎಷ್ಟು ಅಂಕ ಭಾವ, ಎಂದು ಕೆಣಕಿದೆ.

"ಈಗ ಕೇಳ್ಬೇಡ ಮಾರಾಯ" ಎಂದರು, ಕನ್ನಡಕ ತೆಗೆಯುತ್ತ. "ನನ್ನ ಕಣ್ಣಿಗೆ ಎಂತದೂ ಕಾಣುದಿಲ್ಲ."