ಬೀಗರೂಟಕ್ಕೆ ಕಟ್ಟಿದ ಹಲ್ಲು

ಹಲ್ಲು ಕಟ್ಟುವ ಕಸುಬಿನಲ್ಲಿ ಬಂದವರ ಮುಂದೆ ನಗಬಾರದು. ಆದರೆ ವಾರಕ್ಕೊಂದು ಸಲವಾದರೂ ಒಳಗೆ ಹೋಗಿ ನಕ್ಕು ಬರುವ ಹಾಗೆ ಮಾಡುವವರು ಬಂದೇ ಬರುತ್ತಾರೆ. ಎರಡು ಸಾವಿರದ ಇಸವಿ ಕಳೆದು ನಾಲ್ಕೈದು ವರ್ಷವಾಗಿತ್ತು. ಚಾಮರಾಜನಗರದ ಒಬ್ಬ ಹಲ್ಲಿನ ಡಾಕ್ಟರ ಹತ್ತಿರ ಕೆಲಸಕ್ಕಿದ್ದೆ. ಬಾಯಿ ನೋಡಿ ಅಚ್ಚು ತೆಗೆಯುವುದು ಅವರು, ಅಚ್ಚಿನ ಮೇಲೆ ಹಲ್ಲು ಕೂರಿಸಿ ಸೆಟ್ಟು ಮಾಡುವುದು ನಾನು. ಒಬ್ಬರ ಬಾಯಿಗೆ ಮಾಡಿದ್ದು ಇನ್ನೊಬ್ಬರಿಗೆ ಆಗುವುದಿಲ್ಲ, ಇದೇನು ಅಂಗಡಿಯಲ್ಲಿ ನೇತುಹಾಕಿದ ಚಪ್ಪಲಿಯಲ್ಲ ಅಂತ ಸಿಕ್ಕಿದವರಿಗೆಲ್ಲ ಭಾಷಣ ಬಿಗಿಯುವ ಚಾಳಿ ಬೇರೆ ಇತ್ತು ನನಗೆ. ಅದನ್ನು ಬಿಡಿಸಿದವರು ಕುದೇರಿನ ಕಡೆಯ ಒಬ್ಬ ಅಜ್ಜ, ಒಬ್ಬಳು ಅಜ್ಜಿ.

೧. ಒಂದೇ ಸೆಟ್ಟು

ಗಂಡ ಹೆಂಡತಿ ಇಬ್ಬರ ಬಾಯಲ್ಲೂ ಒಂದೇ ಒಂದು ಹಲ್ಲೂ ಇಲ್ಲ. ಬಂದ ಕಾರಣವನ್ನು ಅಜ್ಜಿಯೇ ಹೇಳಿದಳು. ಮೊಮ್ಮಗಳನ್ನು ಗುಂಡ್ಲುಪೇಟೆಗೆ ಕೊಡುವುದು ನಿಶ್ಚಯವಾಗಿದೆ. ಮಾತುಕತೆಗೆ ಹೋದ ದಿನ ಗಂಡಿನ ಮನೆಯಲ್ಲಿ ಬಾಡೂಟ. ಅಜ್ಜನ ಎಲೆಗೆ ಬರುವಾಗ ಗಂಡಿನ ತಾತ ಬಡಿಸುವವನ ಕೈ ತಡೆದು, "ಅವ್ರಿಗೆ ತುಂಡು ಬ್ಯಾಡ ಕಣ್ಲಾ, ಬರೀ ರಸ ಬುಡು" ಅಂದನಂತೆ. ಪಂಕ್ತಿಯೆಲ್ಲ ನಕ್ಕಿತಂತೆ. ಇನ್ನು ಒಂದು ತಿಂಗಳಿಗೆ ಮದುವೆ, ಅದಾದ ಮೇಲೆ ಬೀಗರೂಟ. ಅಷ್ಟರಲ್ಲಿ ಅಜ್ಜನಿಗೆ ಹಲ್ಲು ಬರಬೇಕು, ಆ ತಾತನ ಎದುರಿಗೇ ಕೂತು ಮೂಳೆ ಕಡಿಯಬೇಕು.

ಅಜ್ಜನ ಕಣ್ಣು ಒದ್ದೆಯಾಗಿತ್ತು. ಹಾಗಾದರೆ ಇಬ್ಬರಿಗೂ ಒಂದೊಂದು ಸೆಟ್ಟು ಮಾಡೋಣ ಅಂದೆ. ಅಜ್ಜಿ ಬೇಡವೇ ಬೇಡ ಅಂದಳು. ಇಬ್ಬರಿಗೂ ಒಂದೇ ಸಾಕಂತೆ. ನಾನು ಚಪ್ಪಲಿಯ ಭಾಷಣ ಶುರುಮಾಡಿದೆ. ಪೂರ್ತಿ ಕೇಳಿಸಿಕೊಂಡು ಹೇಳಿದಳು:

"ನಾವಿಬ್ರೂ ಯಾವತ್ತು ಒಟ್ಗೆ ಉಣ್ಣಾಕ್ ಕುಂತಿದ್ವಿ ಕಣಪ್ಪ? ಅವ್ರು ಉಂಡು ಎದ್ದ ಮ್ಯಾಲಲ್ವಾ ನಾನು ಉಣ್ಣಾದು."

೨. ಬಣ್ಣ

ಕೊನೆಗೆ ಅಜ್ಜನಿಗೆ ಮಾತ್ರ ಅಂತ ತೀರ್ಮಾನವಾಯಿತು. ಡಾಕ್ಟರು ಅಚ್ಚು ತೆಗೆದುಕೊಟ್ಟರು. ಹಲ್ಲಿನ ಬಣ್ಣ ಆರಿಸಲು ನಮ್ಮಲ್ಲಿ ಒಂದು ಪಟ್ಟಿ ಇರುತ್ತದೆ, ಬಿಳುಪಿನಿಂದ ಹಳದಿಯವರೆಗೆ ಸಾಲಾಗಿ ಹಲ್ಲು ಜೋಡಿಸಿರುವುದು. ಮುಖಕ್ಕೆ, ವಯಸ್ಸಿಗೆ ಹೊಂದುವುದನ್ನು ಹುಡುಕಿ ಕೂರಿಸುವುದರಲ್ಲಿ ನಾನು ಎತ್ತಿದ ಕೈ ಅಂತ ನನ್ನ ನಂಬಿಕೆ.

ನಾನು ಯಾವುದನ್ನು ತೋರಿಸಿದರೂ ಅಜ್ಜಿ ಬೇಡ ಅಂತ ತಲೆ ಆಡಿಸಿದಳು. ಇಷ್ಟು ಬೆಳ್ಳಗಿದ್ದರೆ ಬೀಗರೂಟಕ್ಕಂತಲೇ ಹೊಸದಾಗಿ ಕಟ್ಟಿಸಿದ್ದು ಅಂತ ಬೀಗನಿಗೆ ತಿಳಿದುಹೋಗುತ್ತದೆ ಅನ್ನುವುದು ಅವಳ ಚಿಂತೆ. ಪಟ್ಟಿಯ ಕೊನೆ ಮುಟ್ಟಿದರೂ ಒಪ್ಪಲಿಲ್ಲ. ಬೇಜಾರಾಗಿ, ಮತ್ತೆಂಥ ಬಣ್ಣ ಬೇಕಮ್ಮ ಅಂತ ಕೇಳಿದೆ. ಎಲೆಯಡಿಕೆ ಹಾಕುವ ನನ್ನ ಬಾಯನ್ನೇ ಸ್ವಲ್ಪ ಹೊತ್ತು ನೋಡಿ, "ನಿನ್ನ ಹಲ್ಲು ಅವ್ಯಲ್ಲ, ಅಂಗೇ ಮಾಡು. ಯಾರೂ ಹೊಸದು ಅನ್ನಲ್ಲ" ಅಂದಳು.

ಅವತ್ತು ನಗಲು ಒಳಗೆ ಹೋದವರು ಡಾಕ್ಟರು.

೩. ಮುದ್ದೆ

ಸೆಟ್ಟು ಕೊಟ್ಟ ಎಂಟೇ ದಿನಕ್ಕೆ ಅಜ್ಜ ಅದನ್ನು ಟವಲಿನಲ್ಲಿ ಕಟ್ಟಿಕೊಂಡು ವಾಪಸು ಬಂದ. ಇದ್ದರೆ ಉಣ್ಣಲು ಆಗುತ್ತಿಲ್ಲ, ತೆಗೆದರೆ ಸಲೀಸು ಅಂದ. ಬೀಗರೂಟ ಹತ್ತಿರ ಬರುತ್ತಿತ್ತು. ಒಳ್ಳೇ ಫಜೀತಿ ಆಯಿತಲ್ಲ ಅಂತ ಅಲ್ಲಲ್ಲಿ ತೀಡಿದೆ, ಕಾಗದ ಕಚ್ಚಿಸಿ ನೋಡಿದೆ, ಮತ್ತೆ ತೀಡಿದೆ. ಎಲ್ಲೂ ಒತ್ತುತ್ತಿಲ್ಲ. ಕೊನೆಗೆ ಊಟಕ್ಕೆ ಏನು ಅಂತ ಕೇಳಿದಾಗ ಗುಟ್ಟು ರಟ್ಟಾಯಿತು.

ನಮ್ಮ ಡಾಕ್ಟರು ಮಂಗಳೂರು ಕಡೆಯವರು, ಅನ್ನ ಉಣ್ಣುವವರು. ಪ್ರತಿ ತುತ್ತನ್ನೂ ಚೆನ್ನಾಗಿ ಅಗಿಯಬೇಕು ಅಂತ ಎಲ್ಲರಿಗೂ ಹೇಳಿದ ಹಾಗೆ ಇವನಿಗೂ ಹೇಳಿದ್ದರು. ಅಜ್ಜ ಎಂಟು ದಿನ ಎರಡು ಹೊತ್ತೂ ರಾಗಿಮುದ್ದೆ ಅಗಿದಿದ್ದ. ಮೇಲಿನ ಸೆಟ್ಟು, ಕೆಳಗಿನ ಸೆಟ್ಟು ಮುದ್ದೆಯಲ್ಲಿ ಅಂಟಿಕೊಂಡು ಬಾಯಿ ಬಿಡಲೂ ಆಗದೆ ಕೂತಿದ್ದನಂತೆ. ಮುದ್ದೆ ನುಂಗುವುದು ಅಂತ ಡಾಕ್ಟರಿಗೆ ಹೇಳಬಾರದಿತ್ತಾ ಅಂದೆ.

"ಅಷ್ಟು ಓದಿರೋರ್ಗೆ ನಾನೇನು ಏಳಾದು ಸಾ" ಅಂದ. "ಒಳಗಡೆ ಕದ ಆಕ್ಕೊಂಡು ಅಗಿತಿದ್ದೆ, ಊರೋರು ನೋಡ್ಬುಟ್ಟಾರು ಅಂತ."

ಮುದ್ದೆಗೆ ತೆಗಿ, ತುಂಡಿಗೆ ಹಾಕು ಅಂತ ಹೇಳಿ ಕಳಿಸಿದೆ. ಡಾಕ್ಟರ ಗಮನಕ್ಕೆ ತರಲಿಲ್ಲ.

೪. ಬೀಗರೂಟ

ಅಜ್ಜಿ ಬಂದು ಕರೆದಿದ್ದರಿಂದ ಗುಂಡ್ಲುಪೇಟೆಗೆ ಹೋದೆ. ನನ್ನ ಕೆಲಸದ ಪರೀಕ್ಷೆ ನಾನೇ ನೋಡಬೇಕು ಅನ್ನುವ ಚಪಲವೂ ಇತ್ತು. ಅಜ್ಜ ಬೇಕಂತಲೇ ಗಂಡಿನ ತಾತನ ಎದುರು ಎಲೆಗೆ ಕೂತಿದ್ದ. ಪಕ್ಕದಲ್ಲಿ ನಾನು. ಮೊದಲು ಮುದ್ದೆ ಬಂತು. ಅಜ್ಜ ಟವಲಿನ ಮರೆಯಲ್ಲಿ ಹಲ್ಲು ತೆಗೆದು ತೊಡೆಯ ಮೇಲಿಟ್ಟುಕೊಂಡು ಮುದ್ದೆ ನುಂಗಿದ. ಎದುರಿನ ತಾತ ಆಗಲೇ ಮೀಸೆಯಲ್ಲಿ ನಗುತ್ತಿದ್ದ. ತುಂಡು ಬರುವ ಹೊತ್ತಿಗೆ ಅಜ್ಜ ಮತ್ತೆ ಟವಲು ಎತ್ತಿ ಬಾಯೊರೆಸಿಕೊಂಡ.

ಆಮೇಲೆ ಒಂದು ನಲ್ಲಿಮೂಳೆ ಎತ್ತಿ ಕಟಕ್ಕನೆ ಕಡಿದ. ನನ್ನ ಜೀವ ಬಾಯಿಗೆ ಬಂದಿತ್ತು. ಹಲ್ಲು ಅಲ್ಲಾಡಲಿಲ್ಲ. ಇನ್ನೊಂದು ಕಡಿದ. ಎದುರಿನವನ ನಗು ನಿಂತಿತು. ಬಡಿಸುವವನನ್ನು ಕರೆದು, ಅವ್ರಿಗೆ ಇನ್ನೆರಡು ತುಂಡು ಹಾಕು ಅಂದ. ನನಗೆ ಎಷ್ಟು ಖುಷಿಯಾಯಿತೆಂದರೆ ನನ್ನ ಎಲೆಯಲ್ಲಿದ್ದದ್ದು ತಣ್ಣಗಾಗಿದ್ದೇ ತಿಳಿಯಲಿಲ್ಲ.

ಊಟ ಮುಗಿಸಿದ ಅಜ್ಜ ಕೈ ತೊಳೆಯುವ ಕಡೆ ಹೋಗಿ ತುಂಬ ಹೊತ್ತು ಏನೋ ತೊಳೆದ. ಆಮೇಲೆ ನೇರ ಹೆಂಗಸರ ಪಂಕ್ತಿಯ ಕಡೆ ನಡೆದ. ಗೆದ್ದ ಸುದ್ದಿ ಹೆಂಡತಿಗೆ ಹೇಳಲು ಹೋದ ಅಂದುಕೊಂಡೆ. ಹೊರಡುವ ಮುಂಚೆ ಹೇಳಿಹೋಗೋಣ ಅಂತ ನಾನೂ ಆ ಕಡೆ ಹೋದರೆ, ಅಜ್ಜಿ ಕೆಳದವಡೆಯನ್ನು ಎಡಗೈ ಹೆಬ್ಬೆರಳಲ್ಲಿ ಒತ್ತಿ ಹಿಡಿದುಕೊಂಡು ಮೂಳೆ ಕಡಿಯುತ್ತಿದ್ದಾಳೆ. ಬಾಯಲ್ಲಿ ನನ್ನದೇ ಬಣ್ಣದ ಹಲ್ಲು.

ಅದು ಅಜ್ಜನ ಅಳತೆಯದಲ್ಲವೇನಮ್ಮ, ನಿಮಗೆ ಹೇಗೆ ಆಗುತ್ತದೆ ಅಂದೆ. ಅಗಿಯುತ್ತಿದ್ದದ್ದನ್ನು ನಿಧಾನವಾಗಿ ಮುಗಿಸಿ ಹೇಳಿದಳು:

"ಒಸಿ ದೊಡ್ದಾಯ್ತದೆ ಕಣಪ್ಪ, ಇಬ್ರಿಗೂ ಒಂದೇ ಅಂತ ನಾನು ಮದ್ಲೇ ಏಳ್ನಿಲ್ವಾ? ಮುಂದಿನ ದಪ ಇಬ್ರ ಬಾಯೂ ನೋಡ್ಬುಟ್ಟು, ನಡುಮಧ್ಯಕ್ಕೆ ಒಂದು ಅಳತೆ ಇಡಿ."